ಮನೆ ಬಿಟ್ಟು ಹೊರಡಲಾಗದವರಿಗೆ ಮನೆಯಿಂದಲೇ ಕೆಲಸ: ಕಾಸರಗೋಡಿನ ಊರುಗಳಿಗೊಂದು ಕೈಪಿಡಿ

ದಿನವೂ ತಲಪಾಡಿಯ ಗಡಿ ದಾಟಿ ಮಂಗಳೂರಿನ ಕಚೇರಿಗೆ ಹೋಗಿಬರುವವರಿಗೆ ಮನೆಯಿಂದ ಕೆಲಸ ಮಾಡುವುದು ಒಂದು ಅನುಕೂಲವಷ್ಟೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂತಹ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳ ಆರೈಕೆಗಾಗಿ ಹೊಸ್ತಿಲು ದಾಟಲಾಗದ ತಾಯಂದಿರಿಗೆ ಸಂಪಾದನೆಗೆ ಬೇರೆ ದಾರಿಯೇ ಕಡಿಮೆ. ಇಲ್ಲಿಯ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೆ ಬಲಿಯಾದ ಇಂತಹ ಮಕ್ಕಳೂ ಸೇರಿದಂತೆ ಎಲ್ಲ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಆದೇಶಿಸಿತಾದರೂ, ಆರೈಕೆಗೆ ಕುಳಿತವರ ದುಡಿಮೆಯ ನಷ್ಟ ಒಂದು ಸಲದ ಹಣದಿಂದ ತುಂಬುವಂಥದ್ದಲ್ಲ. ಆದ್ದರಿಂದ ಊರಿನಲ್ಲಿ ಇಂತಹ ಪ್ರಯತ್ನಕ್ಕೆ ಕೈಹಾಕುವವರು ಇವರನ್ನೇ ಮೊದಲು ಸೇರಿಸಿಕೊಳ್ಳಬೇಕು.

ಒಬ್ಬರೇ ಒಪ್ಪಿಕೊಂಡ ಕೆಲಸ ಮಗುವಿಗೆ ಅಪಸ್ಮಾರ ಬಂದ ದಿನ ನಿಂತುಹೋಗುತ್ತದೆ. ಮೂರು ನಾಲ್ಕು ಮಂದಿ ಒಟ್ಟಾಗಿ ಒಪ್ಪಿಕೊಂಡು, ಕಡತವನ್ನು ಎಲ್ಲರೂ ತೆರೆಯಬಹುದಾದ ಆನ್‌ಲೈನ್ ಡ್ರೈವಿನಲ್ಲಿಟ್ಟರೆ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಬಹುದು. ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರೆಕೂಟಗಳು ಇರುವುದರಿಂದ ಇದಕ್ಕಾಗಿ ಹೊಸ ಸಂಘ ಕಟ್ಟಬೇಕಾಗಿಲ್ಲ.

ಕೆಲಸವನ್ನು ಆರಿಸುವಾಗ ಸಮಯದ ಕಟ್ಟುಪಾಡಿಲ್ಲದೆ ಗಡುವು ಮಾತ್ರ ಇರುವುದನ್ನೇ ಆರಿಸಿರಿ. ಸದ್ದಿಲ್ಲದ ಕೋಣೆ ಬೇಡುವ ಕಾಲ್ ಸೆಂಟರ್ ಕೆಲಸ ಇಂತಹ ಮನೆಗಳಿಗೆ ಹೊಂದುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂಬ ಇಲ್ಲಿಯ ಪಾಡು (ಅದನ್ನು ನಾವು ಹೊರೆಯೆಂದೇ ಹೇಳುತ್ತ ಬಂದಿದ್ದೇವೆ) ಅನುವಾದಕ್ಕೆ, ವಿಡಿಯೊ ಉಪಶೀರ್ಷಿಕೆಗೆ, ಧ್ವನಿಮುದ್ರಣವನ್ನು ಬರಹಕ್ಕಿಳಿಸುವ ಕೆಲಸಕ್ಕೆ ಬಂಡವಾಳವೇ ಆಗಿದೆ. ಬೆರಳಚ್ಚನ್ನು ಯುನಿಕೋಡಿನಲ್ಲಿಯೇ ಕಲಿಯಿರಿ, ಏಕೆಂದರೆ ಹಳೆಯ ಅಕ್ಷರಶೈಲಿಗಳ ಕಡತಗಳು ಹೊರಗಿನವರ ಕಂಪ್ಯೂಟರಿನಲ್ಲಿ ಓದಲು ಬಾರವು. ಗುಂಪಿನಲ್ಲಿ ದೃಷ್ಟಿಯಿಲ್ಲದವರಿದ್ದರೆ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ.

ಇಂಟರ್ನೆಟ್ಟಿಗಾಗಿ, 2023ರಲ್ಲಿ ಉದ್ಘಾಟನೆಯಾದ, ಕೇರಳ ಸರಕಾರದ ಇಂಟರ್ನೆಟ್ ಜಾಲವಾದ ಕೆ-ಫೋನ್ ಸಂಪರ್ಕ ನಿಮ್ಮ ವಾರ್ಡಿಗೆ ಬಂದಿದೆಯೇ ಎಂದು ವಿಚಾರಿಸಿರಿ. ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲವಾದ್ದರಿಂದ ಗಡುವನ್ನು ಒಂದು ದಿನ ಮುಂದಕ್ಕೇ ಕೇಳಿಕೊಳ್ಳುವುದು ಲೇಸು.

ಹಣದ ಮಾತನ್ನು ಇಮೇಲಿನಲ್ಲಿ ಬರೆಸಿಕೊಳ್ಳದೆ ಕೆಲಸ ಆರಂಭಿಸಬಾರದು: ಪುಟಕ್ಕೆಷ್ಟು, ಯಾವ ದಿನ ಪಾವತಿ, ತಿದ್ದುಪಡಿ ಎಷ್ಟು ಸಲ. ಪಾವತಿಯಲ್ಲಿ ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗಿದ್ದರೆ, ಆದಾಯ ತೆರಿಗೆಯ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಿಯೇ ಅದನ್ನು ಮರಳಿ ಪಡೆಯಬೇಕು. ಕೆಲಸ ಕೊಡುವುದಕ್ಕೆ ನೋಂದಣಿ ಶುಲ್ಕವನ್ನೋ ಠೇವಣಿಯನ್ನೋ ಕೇಳುವವರು ವಂಚಕರೆಂದೇ ತಿಳಿಯಿರಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿರಿ.