ಆಟಗಾರನನ್ನು ಕೈಬಿಟ್ಟರೆ ಉಳಿಯುವುದೆಷ್ಟು? ಎನ್‌ಎಫ್‌ಎಲ್ ಲೆಕ್ಕ ಹಾಕುವ ಬಗೆ

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮಾರ್ಚ್ ಬಂತೆಂದರೆ ತಂಡಗಳು ದುಬಾರಿ ಆಟಗಾರರನ್ನು ಕೈಬಿಡತೊಡಗುತ್ತವೆ. 'ಅವನ ಲೆಕ್ಕ 1.7 ಕೋಟಿ ಡಾಲರ್, ಅಷ್ಟೂ ಉಳಿಯಿತು' ಎಂದು ಅಭಿಮಾನಿಗಳು ಆಗಲೇ ಹೊಸ ಆಟಗಾರನನ್ನು ಕೊಂಡುಬಿಡುತ್ತಾರೆ. ಅಷ್ಟು ಉಳಿಯುವುದಿಲ್ಲ.

ಮೊದಲ ಹಂತ: ಮೂಲ ಸಂಬಳ ಮತ್ತು ಸಹಿ ಬೋನಸ್ ಬೇರೆ ಬೇರೆ ಬರೆದುಕೊಳ್ಳಿ. ಬೋನಸ್ ಆಟಗಾರನ ಕೈ ಸೇರಿಯಾಗಿದೆ. ಸ್ಯಾಲರಿ ಕ್ಯಾಪ್ (ಒಂದು ತಂಡ ಆಟಗಾರರ ಮೇಲೆ ವರ್ಷಕ್ಕೆ ಮಾಡಬಹುದಾದ ಖರ್ಚಿನ ಮಿತಿ) ಲೆಕ್ಕದಲ್ಲಿ ಮಾತ್ರ ಅದನ್ನು ಒಪ್ಪಂದದ ವರ್ಷಗಳಿಗೆ, ಹೆಚ್ಚೆಂದರೆ ಐದು ವರ್ಷಗಳಿಗೆ, ಸಮವಾಗಿ ಹಂಚುತ್ತಾರೆ. ಐದು ವರ್ಷದ ಒಪ್ಪಂದ, 2.5 ಕೋಟಿ ಬೋನಸ್ ಎಂದಿಟ್ಟುಕೊಳ್ಳಿ: ವರ್ಷಕ್ಕೆ 50 ಲಕ್ಷ. ಮೂರನೇ ವರ್ಷದ ಮೂಲ ಸಂಬಳ 1.2 ಕೋಟಿಯಾದರೆ ಕ್ಯಾಪ್‌ಗೆ ಬೀಳುವುದು 1.7 ಕೋಟಿ.

ಎರಡನೇ ಹಂತ: ಡೆಡ್ ಮನಿ, ಅಂದರೆ ಆಟಗಾರ ಹೋದ ಮೇಲೂ ಕ್ಯಾಪ್ ಲೆಕ್ಕದಲ್ಲಿ ಉಳಿಯುವ ಹಣ, ಕಳೆಯಿರಿ. ಆ ವರ್ಷ ಮಾರ್ಚ್‌ನಲ್ಲೇ ಕಳಿಸಿದರೆ ಸಂಬಳ ತಪ್ಪಿತು, ಸರಿ. ಆದರೆ ಉಳಿದ ಮೂರು ವರ್ಷಗಳ 1.5 ಕೋಟಿ ಬೋನಸ್ ಒಟ್ಟಾಗಿ ಅದೇ ವರ್ಷದ ತಲೆಗೆ ಬರುತ್ತದೆ. ಉಳಿತಾಯ ಬರೀ 20 ಲಕ್ಷ. ಸಂಬಳದಲ್ಲಿ 50 ಲಕ್ಷಕ್ಕೆ ಖಾತರಿ ಕೊಟ್ಟಿದ್ದರಂತೂ ಇಟ್ಟುಕೊಳ್ಳುವುದಕ್ಕಿಂತ ಕಳಿಸುವುದೇ 30 ಲಕ್ಷ ದುಬಾರಿ.

ಮೂರನೇ ಹಂತ ಜೂನ್ 1ರ ನಿಯಮ. ಹೆಚ್ಚಿನವರು ಎಡವುವುದು ಇಲ್ಲೇ. ಆ ದಿನ ಕಳೆದ ಮೇಲೆ ಕೈಬಿಟ್ಟರೆ ಈ ವರ್ಷಕ್ಕೆ 50 ಲಕ್ಷ ಮಾತ್ರ ಬೀಳುತ್ತದೆ, ಮಿಕ್ಕ 1 ಕೋಟಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಉಳಿತಾಯ 1.2 ಕೋಟಿಗೇರುತ್ತದೆ. ಮಾರ್ಚ್‌ನಲ್ಲೇ ಕಳಿಸಿ, ಜೂನ್ ನಂತರದ್ದೆಂದು ಲೆಕ್ಕ ಹಿಡಿಸಲೂ ಬರುತ್ತದೆ. ತಂಡಕ್ಕೆ ವರ್ಷಕ್ಕೆ ಇಬ್ಬರ ಮಟ್ಟಿಗೆ. ಆದರೆ ಜೂನ್ 2ರವರೆಗೆ ಆ 1.7 ಕೋಟಿ ಪೂರ್ತಿ ಲೆಕ್ಕದಲ್ಲೇ ಕುಳಿತಿರುತ್ತದೆ. ಆಟಗಾರ ಬೇರೆ ತಂಡದ ಜೆರ್ಸಿ ತೊಟ್ಟಿರಬಹುದು, ಮಾರ್ಚ್‌ನ ಖರೀದಿಗೆ ಮಾತ್ರ ಈ ಹಣ ಒದಗುವುದಿಲ್ಲ. ಏಪ್ರಿಲ್ ಡ್ರಾಫ್ಟ್‌ನಲ್ಲಿ ಆರಿಸಿಕೊಂಡ ಹುಡುಗರ ಒಪ್ಪಂದಕ್ಕೆ ಆದೀತು.

2024ರ ಮಾರ್ಚ್‌ನಲ್ಲಿ ಡೆನ್ವರ್ ಬ್ರಾಂಕೋಸ್ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರನ್ನು ಕಳಿಸಿದ್ದು ಇದೇ ದಾರಿಯಲ್ಲಿ. ಸುಮಾರು 8.5 ಕೋಟಿ ಡೆಡ್ ಮನಿಯಲ್ಲಿ 5.3 ಕೋಟಿ ಆ ವರ್ಷಕ್ಕೆ, 3.2 ಕೋಟಿ 2025ಕ್ಕೆ ಬಿತ್ತು. 2024ರಲ್ಲಿ ಒಂದು ತಂಡಕ್ಕಿದ್ದ ಮಿತಿಯೇ 25.54 ಕೋಟಿ. ವಿಲ್ಸನ್ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಪರ 12.1 ಲಕ್ಷದ ಕನಿಷ್ಠ ಸಂಬಳಕ್ಕೆ ಆಡಿದರು, ಖಾತರಿಯಿದ್ದ 3.9 ಕೋಟಿಯಲ್ಲಿ ಮಿಕ್ಕಿದ್ದನ್ನೆಲ್ಲ ತೆತ್ತದ್ದು ಡೆನ್ವರ್. ತೀರಾ ತುರ್ತಿಲ್ಲದಿದ್ದರೆ ಪೆಟ್ಟನ್ನು ಒಂದೇ ವರ್ಷದಲ್ಲಿ ತಿಂದು ಮುಗಿಸುವುದೇ ಲೇಸು ಎನ್ನುವವನು ನಾನು. ಸಂಬಳವನ್ನು ಬೋನಸ್ ಆಗಿ ಬದಲಾಯಿಸಿ ಈ ವರ್ಷದ ಹೊರೆ ಇಳಿಸಿಕೊಳ್ಳುವ ಅಡ್ಡದಾರಿಯಂತೂ ಸಾಲ ತೀರಿಸಲು ಇನ್ನೊಂದು ಸಾಲ ಎತ್ತಿದಂತೆ: ಮುಂದೆ ಕೈಬಿಡುವಾಗ ಡೆಡ್ ಮನಿ ಇನ್ನಷ್ಟು ಬೆಳೆದಿರುತ್ತದೆ.

ಅಂದಹಾಗೆ, 'ಉಳಿತಾಯ' ಎಂದು ಒಂದೇ ಅಂಕಿ ತೋರಿಸುವ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳನ್ನು ನೆಚ್ಚಬೇಡಿ. ಜೂನ್ 1ಕ್ಕೆ ಮೊದಲು, ಆಮೇಲೆ ಎಂದು ಎರಡು ಕಾಲಂ ಇರಲೇಬೇಕು.

ಕೊನೆಯ ಹಂತ: ಋತು ಶುರುವಾಗುವ ತನಕ ದೊಡ್ಡ ಮೊತ್ತದ 51 ಒಪ್ಪಂದಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಒಬ್ಬ ಹೋದರೆ 52ನೆಯವನು ಒಳಗೆ ಬರುತ್ತಾನೆ. ಅವನು 2025ರ ಕನಿಷ್ಠ ಸಂಬಳವಾದ 8.4 ಲಕ್ಷದ ಹೊಸಬನಾದರೂ, ಮಾರ್ಚ್ ಲೆಕ್ಕದ ಆ 20 ಲಕ್ಷದಲ್ಲಿ ಕೈಗೆ ಹತ್ತುವುದು 11.6 ಲಕ್ಷ.