ರಿನ್ಯೂವಲ್ ಪತ್ರಕ್ಕೆ ಸಹಿ ಹಾಕುವ ಮುನ್ನ: ಅಮೆರಿಕದ ಬಾಡಿಗೆ ಲೆಕ್ಕ

ಬೆಂಗಳೂರಿನ ಹನ್ನೊಂದು ತಿಂಗಳ ಕರಾರಿನಲ್ಲಿ ಮುಂದಿನ ವರ್ಷದ ಏರಿಕೆಯನ್ನು ಸಾಮಾನ್ಯವಾಗಿ ಮೊದಲೇ ಬರೆದಿರುತ್ತಾರೆ. ಅಮೆರಿಕದ ಲೀಸ್‌ನಲ್ಲಿ ಹಾಗಿರುವುದು ಅಪರೂಪ. ಲೀಸ್ ಮುಗಿಯಲು ಎರಡು-ಮೂರು ತಿಂಗಳಿರುವಾಗ ಹೊಸ ಬಾಡಿಗೆಯ ಪತ್ರ ಬರುತ್ತದೆ. ಅದೇ ಕೊನೆಯ ಮಾತೆಂದು ಅನೇಕರು ಸಹಿ ಹಾಕಿಬಿಡುತ್ತಾರೆ. ಆದರೆ ನಿಮ್ಮ ಸುತ್ತಮುತ್ತ ಹೊಸ ಮನೆಗಳು ಖಾಲಿ ಇದ್ದರೆ ಚೌಕಾಸಿ ಶುರುವಾಗುವುದೇ ಅಲ್ಲಿಂದ.

ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರವನ್ನೇ ನೋಡಿ. 2021-22ರಲ್ಲಿ ಅಲ್ಲಿ ಬಾಡಿಗೆ ಗಗನಕ್ಕೇರಿತು. ಬಡ್ಡಿ ಕಡಿಮೆಯಿದ್ದ ಆ ಕಾಲದಲ್ಲಿ ಬಿಲ್ಡರ್‌ಗಳು ಸಾಲ ತಂದು ಅಪಾರ್ಟ್‌ಮೆಂಟ್ ಎಬ್ಬಿಸಿದರು. ಅವೆಲ್ಲ 2023-24ರಲ್ಲಿ ಸಾಲಾಗಿ ಬಾಗಿಲು ತೆರೆದವು, ಬಾಡಿಗೆ ಇಳಿಯಿತು. ಇನ್ನಷ್ಟು ಮನೆ ಕಟ್ಟಲು ಅನುಕೂಲವಾಗಲೆಂದು ನಗರಸಭೆಯೂ 2023ರ ನವೆಂಬರ್‌ನಲ್ಲಿ ಕಡ್ಡಾಯ ಪಾರ್ಕಿಂಗ್ ನಿಯಮ ತೆಗೆಯಿತು. 2024ರಲ್ಲಿ ಒಂಟಿ ಮನೆಯ ನಿವೇಶನದ ಕನಿಷ್ಠ ಅಳತೆಯನ್ನು 5,750 ಚದರ ಅಡಿಯಿಂದ 1,800ಕ್ಕೆ ಇಳಿಸಿತು. ನ್ಯೂಯಾರ್ಕ್‌ನಲ್ಲಿ ಇದಕ್ಕೆ ತದ್ವಿರುದ್ಧ: 2023ರ ಸಮೀಕ್ಷೆಯಲ್ಲಿ ಖಾಲಿ ಇದ್ದ ಬಾಡಿಗೆ ಮನೆಗಳು ಕೇವಲ ಶೇ 1.41. ಅಂಥಲ್ಲಿ ಚೌಕಾಸಿಗೆ ನಿಂತರೆ ಮನೆ ಇನ್ನೊಬ್ಬರ ಪಾಲಾಗುತ್ತದೆ. 2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸಿದ ಮೇಲೆ ಹೊಸ ಅಪಾರ್ಟ್‌ಮೆಂಟ್‌ಗಳ ಪಾಯ ಹಾಕುವುದು ಕಡಿಮೆಯಾಯಿತು. ಆದ್ದರಿಂದ ಟೆಕ್ಸಾಸ್‌ನ ಅಗ್ಗದ ದಿನಗಳೂ ಶಾಶ್ವತವೆಂದು ನೆಚ್ಚಬೇಡಿ.

ಹೆಚ್ಚು ಜನ ಎಡವುವುದು 'ಒಂದು ತಿಂಗಳು ಫ್ರೀ' ಎಂಬಲ್ಲಿ. ಲೀಸ್‌ನಲ್ಲಿ 1,800 ಡಾಲರ್ ಬರೆದು ಒಂದು ತಿಂಗಳು ಬಿಟ್ಟರೆ, ಹನ್ನೆರಡು ತಿಂಗಳಿಗೆ ಹಂಚಿದಾಗ ನಿಮಗೆ ಬೀಳುವುದು 1,650. ಜಾಹೀರಾತಿನಲ್ಲಿ ತೋರಿಸುವುದೂ ಇದನ್ನೇ. ರಿನ್ಯೂವಲ್ ಬಂದಾಗ ಶೇ 5ರ ಏರಿಕೆ 1,800ರ ಮೇಲೆ ಕೂರುತ್ತದೆ: 1,890. ಅಂದರೆ ನಿಮ್ಮ ಕೈಯಿಂದ ಹೋಗುವುದರಲ್ಲಿ ತಿಂಗಳಿಗೆ 240 ಡಾಲರ್, ಶೇ 14ಕ್ಕೂ ಮೀರಿದ ಏರಿಕೆ. ಸಾಧ್ಯವಾದರೆ ಫ್ರೀ ತಿಂಗಳಿನ ಬದಲು ಮೂಲ ಬಾಡಿಗೆಯನ್ನೇ ಇಳಿಸಲು ಕೇಳಿ.

ಚೌಕಾಸಿಗೆ ಪುರಾವೆ ಬೇಕು. ನಿಮ್ಮದೇ ಕಾಂಪ್ಲೆಕ್ಸ್‌ನ ವೆಬ್‌ಸೈಟ್‌ನಲ್ಲಿ ಇದೇ ಫ್ಲೋರ್ ಪ್ಲಾನ್ ಹೊಸಬರಿಗೆ ಎಷ್ಟಕ್ಕಿದೆ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹತ್ತಿರದಲ್ಲಿ ಈಗಷ್ಟೇ ತೆರೆದ ಎರಡು-ಮೂರು ಕಟ್ಟಡಗಳ ದರ ಸೇರಿಸಿ, ಇಂತಿಷ್ಟಕ್ಕೆ ಕೊಟ್ಟರೆ ಉಳಿಯುತ್ತೇನೆಂದು ಇಮೇಲ್‌ನಲ್ಲೇ ಬರೆಯಿರಿ. ಪಾರ್ಕಿಂಗ್, ಕಸ, ಕೀಟನಾಶಕ ಎಂದು ಬಾಡಿಗೆಯ ಪಕ್ಕದಲ್ಲಿ ಸೇರುವ ಶುಲ್ಕಗಳನ್ನೂ ಕೂಡಿಸಿಯೇ ಹೋಲಿಸಿ. ಇದೆಲ್ಲ, ಉಳಿಯುತ್ತೀರೋ ಬಿಡುತ್ತೀರೋ ಎಂದು ತಿಳಿಸಬೇಕಾದ ನೋಟಿಸ್ ಗಡುವಿನ ಒಳಗೆ ಮುಗಿಯಬೇಕು. ಹಲವು ಲೀಸ್‌ಗಳಲ್ಲಿ ಅದು ಲೀಸ್ ಮುಗಿಯುವ 60 ದಿನ ಮುಂಚೆ; ಮೀರಿದರೆ ತಿಂಗಳು-ತಿಂಗಳ ದರಕ್ಕೆ ಬೀಳುತ್ತೀರಿ, ಅದು ದುಬಾರಿ. ಡಿಸೆಂಬರ್-ಜನವರಿಯಲ್ಲಿ ಬೇಡಿಕೆ ತಗ್ಗಿರುತ್ತದೆ. ವಿದ್ಯಾರ್ಥಿಗಳು ಬಂದಿಳಿಯುವ ಆಗಸ್ಟ್ ಹೊತ್ತಿಗೆ ನಿಮ್ಮ ಮಾತಿಗೆ ಬೆಲೆ ಕಡಿಮೆ.

ಏರಿಕೆಗೆ ಕಾನೂನಿನ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ವರ್ಷಕ್ಕೆ ಶೇ 5 ಮತ್ತು ಹಣದುಬ್ಬರ ಸೇರಿ, ಒಟ್ಟು ಶೇ 10 ಮೀರುವಂತಿಲ್ಲ. ಆದರೆ 15 ವರ್ಷದೊಳಗಿನ ಕಟ್ಟಡಗಳಿಗೆ ಇದು ಅನ್ವಯಿಸದು. ಜಿಮ್, ಈಜುಕೊಳವಿರುವ ಹೊಸ ಕಟ್ಟಡವೇ ಬೇಕೆಂದು ಹೋದವರಿಗೆ ಈ ರಕ್ಷಣೆ ಸಿಗದು. ಅದೇ ರಾಜ್ಯದ ಸ್ಯಾನ್ ಹೋಸೆ ನಗರದಲ್ಲಿ 1979ರ ಸೆಪ್ಟೆಂಬರ್ 7ಕ್ಕಿಂತ ಹಿಂದಿನ, ಮೂರು ಅಥವಾ ಹೆಚ್ಚು ಮನೆಗಳ ಕಟ್ಟಡವಾದರೆ ಮಿತಿ ಶೇ 5. ಟೆಕ್ಸಾಸ್‌ನಲ್ಲಿ ಮಿತಿಯೇ ಇಲ್ಲ.

ಹೊಸದಾಗಿ ಬಂದವರಿಗೆ: ತಿಂಗಳ ಸಂಬಳ ಬಾಡಿಗೆಯ ಮೂರು ಪಟ್ಟಿರಬೇಕೆಂದು ಹೆಚ್ಚಿನ ಕಡೆ ಕೇಳುತ್ತಾರೆ. ನ್ಯೂಯಾರ್ಕ್‌ನಲ್ಲಿ ವಾರ್ಷಿಕ ಸಂಬಳ ತಿಂಗಳ ಬಾಡಿಗೆಯ ನಲವತ್ತು ಪಟ್ಟು; 2,500 ಡಾಲರ್ ಮನೆಗೆ ಒಂದು ಲಕ್ಷ. ಕ್ರೆಡಿಟ್ ಚರಿತ್ರೆ ಇಲ್ಲದಿದ್ದರೆ ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್, ಬೇಕಾದರೆ ಗ್ಯಾರಂಟರ್ ಸಿದ್ಧವಿಟ್ಟುಕೊಳ್ಳಿ. ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ: ನ್ಯೂಯಾರ್ಕ್‌ನಲ್ಲಿ ಡಿಪಾಸಿಟ್ ಒಂದೇ ತಿಂಗಳು, ಕ್ಯಾಲಿಫೋರ್ನಿಯಾದಲ್ಲೂ 2024ರ ಜುಲೈನಿಂದ ಸಣ್ಣ ಮಾಲೀಕರನ್ನು ಬಿಟ್ಟು ಉಳಿದವರಿಗೆ ಒಂದೇ ತಿಂಗಳು. ನ್ಯೂಯಾರ್ಕ್ ನಗರದಲ್ಲಿ 2025ರ ಜೂನ್ 11ರಿಂದ ಬ್ರೋಕರ್‌ಗೆ ಹಣ ಕೊಡಬೇಕಾದವರು ಅವನನ್ನು ನೇಮಿಸಿಕೊಂಡವರು.

ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿದ್ದು ಕೆಲಸ ಹೋದರೆ ದೇಶದಲ್ಲಿರಲು ಸಿಗುವುದು ಗರಿಷ್ಠ 60 ದಿನ, ಆದರೆ ಲೀಸ್ ಅಷ್ಟಕ್ಕೆ ನಿಲ್ಲುವುದಿಲ್ಲ. ಸಹಿ ಹಾಕುವಾಗಲೇ ಲೀಸ್ ಮುರಿಯುವ ಷರತ್ತು ಓದಿ. ಟೆಕ್ಸಾಸ್‌ನಲ್ಲಿ ಕಾಣುವ 'ರೀಲೆಟಿಂಗ್' (ಮನೆಯನ್ನು ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವ ಖರ್ಚಿನ) ಶುಲ್ಕ ಕಟ್ಟಿದ ಮಾತ್ರಕ್ಕೆ ಉಳಿದ ತಿಂಗಳ ಬಾಡಿಗೆ ಮನ್ನಾ ಆಗದು. ಆದರೂ ಮಾಲೀಕರು ಬೇರೆ ಬಾಡಿಗೆದಾರರನ್ನು ಹುಡುಕಲು ಪ್ರಯತ್ನಿಸಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ. ಹೊರಡುವಾಗ ಮನೆಯ ಫೋಟೊ ತೆಗೆದು, ಹೊಸ ವಿಳಾಸವನ್ನು ಬರಹದಲ್ಲಿ ಕೊಡಿ. ಟೆಕ್ಸಾಸ್‌ನಲ್ಲಿ ಆ ವಿಳಾಸ ಕೈಸೇರುವ ತನಕ ಡಿಪಾಸಿಟ್ ವಾಪಸ್ ಮಾಡುವ ಹೊಣೆ ಮಾಲೀಕರ ಮೇಲಿರುವುದಿಲ್ಲ.