ಯೋನಿಭಾಗದ ಶಸ್ತ್ರಚಿಕಿತ್ಸೆ: ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮುನ್ನ

ಹೆರಿಗೆಯಲ್ಲಿ ಹರಿದ ಸ್ನಾಯುವನ್ನು ಜೋಡಿಸುವುದು, ಜಾರಿದ ಗರ್ಭಕೋಶವನ್ನು ಸರಿಪಡಿಸುವುದು, ಮೂತ್ರಕೋಶಕ್ಕೂ ಯೋನಿಗೂ ನಡುವೆ ಬಿದ್ದ ರಂಧ್ರವನ್ನು ಮುಚ್ಚುವುದು, ಹುಟ್ಟಿನಿಂದಲೇ ಯೋನಿಮಾರ್ಗ ಬೆಳೆಯದವರಿಗೆ ಅದನ್ನು ರೂಪಿಸಿಕೊಡುವುದು, ಇವೆಲ್ಲ ಪುನರ್‌ರಚನೆಯ ಶಸ್ತ್ರಚಿಕಿತ್ಸೆಗಳು. ಯೋನಿದ್ವಾರದ ಒಳತುಟಿಗಳನ್ನು ಚಿಕ್ಕದಾಗಿಸುವುದು ಮತ್ತು ಯೋನಿಯನ್ನು ಬಿಗಿಗೊಳಿಸುವುದು ಬಹುಪಾಲು ಸೌಂದರ್ಯದ ಲೆಕ್ಕಕ್ಕೆ ಸೇರುತ್ತವೆ. ಎರಡನ್ನೂ ಒಂದೇ ಆಸ್ಪತ್ರೆಯಲ್ಲಿ, ಕೆಲವೊಮ್ಮೆ ಒಬ್ಬರೇ ವೈದ್ಯರು ಮಾಡಬಹುದು. ಆದರೆ ಮೊದಲನೆಯದರಲ್ಲಿ ಕಾಯಿಲೆಯೊಂದಕ್ಕೆ ಪರಿಹಾರ ಹುಡುಕುತ್ತಿರುತ್ತೇವೆ, ಎರಡನೆಯದರಲ್ಲಿ ಆರೋಗ್ಯವಾಗಿರುವ ಅಂಗಕ್ಕೆ ಕತ್ತರಿ ಹಾಕಲು ಒಪ್ಪಿಗೆ ಕೊಡುತ್ತಿರುತ್ತೇವೆ. ಆದ್ದರಿಂದ ನಿರ್ಧಾರಕ್ಕೆ ಬರುವ ದಾರಿಯೂ ಬೇರೆಯಾಗಿರಬೇಕು.

ವೈದ್ಯರನ್ನು ಕಾಣುವ ಮೊದಲು ನಿಮ್ಮ ತೊಂದರೆ ಏನೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತದೆಯೇ, ಸಂಜೆಯ ಹೊತ್ತಿಗೆ ಕೆಳಗೆ ಗಡ್ಡೆ ಬಂದಂತಾಗುತ್ತದೆಯೇ, ಗಾಳಿಯನ್ನೋ ಮಲವನ್ನೋ ತಡೆಯಲಾಗುವುದಿಲ್ಲವೇ, ಬಟ್ಟೆ ಉಜ್ಜಿ ಒಳತುಟಿ ನೋಯುತ್ತದೆಯೇ ಎಂಬುದನ್ನು ಯಾವಾಗಿನಿಂದ, ಎಷ್ಟು ಸಲ ಎಂಬ ವಿವರದೊಂದಿಗೆ ಗುರುತು ಹಾಕಿಕೊಳ್ಳಿ. ನಾಚಿಕೆಯಿಂದ "ಸ್ವಲ್ಪ ತೊಂದರೆ ಇದೆ" ಎಂದಷ್ಟೇ ಹೇಳಿ ಬರುವವರೇ ಹೆಚ್ಚು. ಬರೆದ ಹಾಳೆ ಕೈಯಲ್ಲಿದ್ದರೆ ಬಾಯಿಬಿಟ್ಟು ಹೇಳುವ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಹಾಳೆಯಲ್ಲಿ ನೋವಾಗಲಿ ಅಡಚಣೆಯಾಗಲಿ ಇಲ್ಲದೆ ಬರೀ ನೋಟದ ಬಗೆಗಿನ ಅಸಮಾಧಾನವೇ ಉಳಿದರೆ, ಅದು ನಿಮ್ಮದೇ ಭಾವನೆಯೋ, ಗಂಡನ ಮಾತಿನಿಂದ ಅಥವಾ ಮೊಬೈಲಿನಲ್ಲಿ ಕಂಡ ಚಿತ್ರದಿಂದ ಬಂದದ್ದೋ ಎಂದು ಯೋಚಿಸಲು ಸಮಯ ತೆಗೆದುಕೊಳ್ಳಿ.

ಈ ವಿಷಯದಲ್ಲಿ ಹೆಂಗಸರಿಗೆ ಸಿಗದೇ ಹೋದ ಮಾಹಿತಿಯೊಂದಿದೆ. 2005ರಲ್ಲಿ ಲಂಡನ್ನಿನ ವೈದ್ಯರು 50 ಮಹಿಳೆಯರನ್ನು ಅಳೆದು ನೋಡಿದಾಗ ಒಳತುಟಿಯ ಅಗಲ 7 ಮಿಲಿಮೀಟರಿನಿಂದ 50 ಮಿಲಿಮೀಟರಿನವರೆಗೂ ಇತ್ತು. ಒಂದು ಪಕ್ಕ ದೊಡ್ಡದು, ಇನ್ನೊಂದು ಚಿಕ್ಕದು ಇರುವುದು, ಹೊರತುಟಿಯಿಂದಾಚೆ ಒಳತುಟಿ ಕಾಣುವುದು, ವಯಸ್ಸಿಗೂ ಬಸಿರಿಗೂ ತಕ್ಕಂತೆ ಬಣ್ಣ ಗಾಢವಾಗುವುದು, ಇವು ಯಾವುವೂ ರೋಗವಲ್ಲ. ಹರೆಯದಲ್ಲಿ ಈ ಭಾಗ ಇನ್ನೂ ಬೆಳೆಯುತ್ತಿರುವುದರಿಂದ 18 ತುಂಬುವ ಮುನ್ನ ಸೌಂದರ್ಯಕ್ಕಾಗಿ ಇಲ್ಲಿ ಶಸ್ತ್ರಚಿಕಿತ್ಸೆ ಮಾಡಬಾರದೆಂಬುದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಸಲಹೆ. ತುರಿಕೆ, ಉರಿ, ಬಿಳಿಚಿದ ಚರ್ಮ ಇದ್ದರೆ ಮೊದಲು ಸಕ್ಕರೆ ಕಾಯಿಲೆಯನ್ನೂ ಚರ್ಮರೋಗವನ್ನೂ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಮುಲಾಮಿನಿಂದ ಹತೋಟಿಗೆ ಬರುವುದಕ್ಕೆ ಶಸ್ತ್ರಚಿಕಿತ್ಸೆ ಉತ್ತರವಲ್ಲ.

"ಸಡಿಲವಾಗಿದೆ" ಎಂಬ ದೂರಿಗೂ ಸಣ್ಣಪುಟ್ಟ ಸೋರಿಕೆಗೂ ಮೊದಲ ಮದ್ದು ವ್ಯಾಯಾಮ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಹಿಡಿಯುವಂತೆ ಕೆಳಗಿನ ಸ್ನಾಯುವನ್ನು ಮೇಲಕ್ಕೆ ಸೆಳೆದು, ಕೆಲವು ಕ್ಷಣ ಹಿಡಿದು, ಪೂರ್ತಿ ಸಡಿಲಿಸಬೇಕು; ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಮೂತ್ರ ಮಾಡುತ್ತಿರುವಾಗಲೇ ನಡುವೆ ತಡೆದು ಅಭ್ಯಾಸ ಮಾಡಬಾರದು. ಸರಿಯಾದ ಸ್ನಾಯುವನ್ನೇ ಬಿಗಿಹಿಡಿಯುತ್ತಿದ್ದೀರೋ ಇಲ್ಲವೋ ಎಂಬುದನ್ನು ಫಿಸಿಯೊಥೆರಪಿಸ್ಟ್ ಒಬ್ಬರಿಂದ ಒಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಗರ್ಭಕೋಶ ಜಾರಿದವರಿಗೆ, ಅದರಲ್ಲೂ ಇನ್ನೂ ಮಕ್ಕಳು ಬೇಕೆನ್ನುವವರಿಗೆ, ಒಳಗೆ ಇಟ್ಟು ಆಸರೆ ಕೊಡುವ ಸಿಲಿಕೋನ್ ರಿಂಗ್ ಇದೆ. ಕೇಳದೆ ಅದರ ಪ್ರಸ್ತಾಪವೇ ಬಾರದಿರಬಹುದು, ಆದ್ದರಿಂದ ನೀವೇ ಕೇಳಿ. ಇನ್ನು ಲೇಸರ್ ಯಂತ್ರದಿಂದ "ಯೌವನ ಮರಳಿಸುವ" ಜಾಹೀರಾತುಗಳ ಮಾತು: ಇವುಗಳಿಂದ ಸುಟ್ಟಗಾಯ, ಕಲೆ, ಸಂಭೋಗದಲ್ಲಿ ನೋವು ಉಂಟಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲೇ ಎಚ್ಚರಿಸಿದೆ.

ಶಸ್ತ್ರಚಿಕಿತ್ಸೆಯೇ ಸರಿ ಎಂದಾದರೆ, ಮಾಡುವವರು ಇದೇ ಚಿಕಿತ್ಸೆಯನ್ನು ಎಷ್ಟು ಮಾಡಿದ್ದಾರೆ, ತೊಡಕಾದಾಗ ಏನು ಮಾಡುತ್ತಾರೆ, ಸ್ಪರ್ಶಜ್ಞಾನ ಕಡಿಮೆಯಾಗುವ ಸಾಧ್ಯತೆ ಎಷ್ಟು, ಸಮಸ್ಯೆ ಮರುಕಳಿಸಬಹುದೇ ಎಂದು ಸಂಕೋಚವಿಲ್ಲದೆ ಕೇಳಿ. ಜಾರಿದ ಅಂಗಕ್ಕೆ ಯೋನಿಯ ಮೂಲಕ ಮೆಶ್ (ಆಸರೆ ಕೊಡುವ ಬಲೆಯಂಥ ಹಾಳೆ) ಹಾಕುತ್ತೇವೆಂದರೆ, ಅಮೆರಿಕವು ಅಂಥ ಮೆಶ್‌ಗಳ ಮಾರಾಟವನ್ನು 2019ರಲ್ಲಿ ನಿಲ್ಲಿಸಿರುವುದನ್ನು ನೆನಪಿಸಿ ಬೇರೆ ಆಯ್ಕೆಯನ್ನು ವಿಚಾರಿಸಿ. ಸಮ್ಮತಿ ಪತ್ರವನ್ನು ಹಿಂದಿನ ದಿನವೇ ತರಿಸಿಕೊಂಡು, ನಿಮಗೆ ಓದಲು ಬರುವ ಭಾಷೆಯಲ್ಲಿ ಪ್ರತಿ ಸಾಲನ್ನೂ ತಿಳಿದುಕೊಳ್ಳಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದ್ದು ಇದನ್ನೇ: ತಪಾಸಣೆಗೆಂದು ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯಲು ಕೊಟ್ಟ ಒಪ್ಪಿಗೆಯಾಗುವುದಿಲ್ಲ, ಪ್ರಾಣಾಪಾಯವಿಲ್ಲದಿದ್ದಾಗ ವಯಸ್ಕ ರೋಗಿಯ ಬದಲು ಮನೆಯವರ ಒಪ್ಪಿಗೆ ಸಾಲದು. ಗರ್ಭಕೋಶವನ್ನು ಉಳಿಸಿಯೇ ಮಾಡಬೇಕೆಂಬುದು ನಿಮ್ಮ ಇಚ್ಛೆಯಾದರೆ ಅದನ್ನು ಪತ್ರದಲ್ಲೇ ಬರೆಸಿ.

ಸೌಂದರ್ಯ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಗರ್ಭಕೋಶ ಜಾರಿರುವುದು, ಹೆರಿಗೆಯ ಗಾಯ ಮುಂತಾದ ಕಾಯಿಲೆಗಳಿಗೆ ವಿಮೆಯನ್ನಾಗಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನಾಗಲಿ ಮುಂಚಿತವಾಗಿ ವಿಚಾರಿಸಿಕೊಳ್ಳಿ.

ಶಸ್ತ್ರಚಿಕಿತ್ಸೆಯ ದಿನವನ್ನು ಮುಟ್ಟು ಮುಗಿದ ಮೇಲಕ್ಕೆ ನಿಗದಿ ಮಾಡಿಸಿ. ಸಿಗರೇಟು ಸೇದುವವರಷ್ಟೇ ಅಲ್ಲ, ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವವರೂ ವಾರಗಳ ಮೊದಲೇ ಅದನ್ನು ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ನಿಧಾನಗೊಳಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಆಮೇಲಿನ ಆರು ವಾರ ಮನೆಯವರಿಗೂ ಪರೀಕ್ಷೆಯೇ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ದೊಡ್ಡ ಮಗು ಯಾವುದನ್ನೂ ಎತ್ತಬಾರದು. ಸಂಭೋಗ, ಸೈಕಲ್ ಸವಾರಿ, ಟ್ಯಾಂಪನ್ ಬಳಕೆ ವೈದ್ಯರು ನೋಡಿ ಒಪ್ಪುವವರೆಗೆ ಬೇಡ. ಮಲಬದ್ಧತೆಯಾದರೆ ತಿಣುಕುವುದು ಹೊಲಿಗೆಯ ಮೇಲೆಯೇ ಭಾರ ಹಾಕುತ್ತದೆ, ಆದ್ದರಿಂದ ನೀರು, ಸೊಪ್ಪು, ಹಣ್ಣು ಧಾರಾಳವಾಗಿರಲಿ, ಬೇಕಾದರೆ ಮಲ ಮೆದುವಾಗಿಸುವ ಔಷಧವನ್ನು ಬರೆಸಿಕೊಳ್ಳಿ. ಬಾಣಂತನದಲ್ಲಿ ಕೊಡುವ ಧೂಪ, ಬಿಸಿ ಕಾವು, ಅರಿಸಿನದ ಲೇಪ ಇಲ್ಲಿ ಸಲ್ಲದು. ತೊಳೆಯಲು ಬರೀ ನೀರು ಸಾಕು, ಬಳಿಕ ಒತ್ತಿ ಒಣಗಿಸಿದರಾಯಿತು. ಒಳತುಟಿಯ ಊತ ವಾರಗಟ್ಟಲೆ ಉಳಿಯುವುದರಿಂದ ಮೊದಲ ದಿನಗಳಲ್ಲೇ ಕನ್ನಡಿ ನೋಡಿ ಕಂಗಾಲಾಗಬೇಕಿಲ್ಲ.

ಆದರೆ ಪ್ಯಾಡ್ ಗಂಟೆಗೊಂದರಂತೆ ತೊಯ್ದರೆ, ಚಳಿಜ್ವರ ಬಂದರೆ, ದುರ್ವಾಸನೆಯ ಸ್ರಾವ ಕಂಡರೆ, ಮೂತ್ರ ಕಟ್ಟಿದರೆ, ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಮರುಭೇಟಿಯ ದಿನಕ್ಕಾಗಿ ಕಾಯದೆ, ರಾತ್ರಿಯಾದರೂ ಸರಿ, ಬಿಡುಗಡೆ ಪತ್ರವನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಬೇಕು.